ಮೈನಸ್ ಮೂರನೇ ಮಹಡಿ

ಜೋರ್ಡಾನಿನ ನಮ್ಮ ಅಮ್ಮಾನ್ ಊರನ್ನು ಚಪ್ಪಟೆಯಾಗಿ ಬರೆಯಬಹುದು ಎಂದು ಮೊದಲು ಅಂದುಕೊಂಡ ಪುಣ್ಯಾತ್ಮ ಯಾರೋ ನನಗೆ ಗೊತ್ತಿಲ್ಲ. ಸಿಕ್ಕಿದರೆ ಅವನ ಹೆಗಲಿಗೆ ತುಂಬಿದ ಗ್ಯಾಸ್ ಸಿಲಿಂಡರ್ ಒಂದನ್ನು ಹೊರಿಸಿ ಲುವೈಬ್ದೆ ಗುಡ್ಡದ ಮೆಟ್ಟಿಲು ಹತ್ತಿಸಬೇಕು. ತುದಿಗೆ ಬಂದು ಏದುಸಿರು ಬಿಡುವಾಗ ಕೇಳಬೇಕು, ಎಷ್ಟು ದೂರ ಆಯಿತಪ್ಪಾ ಈಗ ಹೇಳು ಅಂತ.

ನನ್ನ ಹೆಸರು ಬುಸೈನಾ. ಫೋನಿನಲ್ಲಿ ದಾರಿ ತೋರಿಸುವ ನಕ್ಷೆಗೆ ಈ ಊರಿನ ಮೆಟ್ಟಿಲು, ಲಿಫ್ಟುಗಳನ್ನು ತುಂಬಿಸುವುದು ಒಂಬತ್ತು ವರ್ಷಗಳಿಂದ ನನ್ನ ಕೆಲಸ. ರಸ್ತೆ ಬರೆಯುವವರದು ಸುಖದ ಬಾಳು, ಗೆರೆ ಎಳೆದರೆ ಮುಗಿಯಿತು. ನಾನು ಗೆರೆ ಎಳೆದು, ಯಾವ ಕಡೆ ಏರು ಎಂದು ಬಾಣ ಹಾಕಿ, ಎಷ್ಟು ಮೆಟ್ಟಿಲು, ಹಿಡಿಯಲು ಕಂಬಿ ಇದೆಯೋ ಇಲ್ಲವೋ ಎಲ್ಲ ಬರೆಯಬೇಕು. ಲಿಫ್ಟಂತೂ ಇನ್ನೂ ದೊಡ್ಡ ತಲೆನೋವು. ಮೇಲಿನಿಂದ ನೋಡಿದರೆ ಅದು ಬರೀ ಒಂದು ಚುಕ್ಕಿ. ಆ ಚುಕ್ಕಿ ಯಾವ ಯಾವ ಮಹಡಿಯಲ್ಲಿ ಬಾಗಿಲು ತೆರೆಯುತ್ತದೆ ಎಂದು ಒಂದೊಂದಾಗಿ ಹೇಳಿಕೊಡಬೇಕು. ಒಂದು ಮಹಡಿ ಬಿಟ್ಟುಹೋಯಿತೋ, ನಕ್ಷೆಯ ಪಾಲಿಗೆ ಆ ಮಹಡಿ ಹುಟ್ಟಿಯೇ ಇಲ್ಲ.

ಆ ತಪ್ಪನ್ನು ನಾನೇ ಮಾಡಿದ್ದೆ. ಗೊತ್ತಾದದ್ದು ಬಕ್ರೀದಿಗೆ, ಅಂದರೆ ನಮ್ಮ ದೊಡ್ಡ ಈದ್‌ಗೆ ಹನ್ನೆರಡು ದಿನ ಇರುವಾಗ, ವಿದಾದ್ ಮಿಸ್ ಫೋನು ಮಾಡಿ ಬೈದ ಮೇಲೆ.

ವಿದಾದ್ ಮಿಸ್ ನನಗೆ ಆರನೇ ಕ್ಲಾಸಿನಲ್ಲಿ ಲೆಕ್ಕ ಹೇಳಿಕೊಟ್ಟವರು. ಈಗ ಎಪ್ಪತ್ತನಾಲ್ಕು. ಮದುವೆ ಆಗಲಿಲ್ಲ. ಗುಡ್ಡದ ಮೇಲಿನ ರಸ್ತೆಯಲ್ಲಿ ನೆಲಮಹಡಿಯ ಮನೆ, ಎರಡೂ ಮಂಡಿ ಹೋಗಿವೆ. ಅವರಿಗೆ ಇರುವವನು ಒಬ್ಬನೇ ತಮ್ಮ, ಟೈಲರ್ ಸಬ್ರಿ. ನಮಗೆಲ್ಲ ಅವರು ಸಬ್ರಿ ಚಿಕ್ಕಪ್ಪ. ಅಪ್ಪನ ಕಾಲದ ಮನೆಯಲ್ಲಿ ಹೆಂಡತಿ ಫೌಜಿಯ್ಯಾ ಜೊತೆ ಇದ್ದಾರೆ. ಆ ಮನೆ ಇರುವುದು ರಸ್ತೆಯಲ್ಲಲ್ಲ, ಮೆಟ್ಟಿಲ ಬೀದಿಯ ನಟ್ಟನಡುವೆ. ಮೇಲಿನ ರಸ್ತೆಯಿಂದ ಐವತ್ತಾರು ಮೆಟ್ಟಿಲು ಇಳಿಯಬೇಕು, ಕೆಳಗಿನ ಪೇಟೆಯಿಂದಾದರೆ ಎಂಬತ್ತು ಹತ್ತಬೇಕು. ಚಕ್ರ ಇರುವ ಯಾವುದೂ ಅಲ್ಲಿಗೆ ಹೋಗುವುದಿಲ್ಲ. ಹದಿನಾರು ತಿಂಗಳ ಹಿಂದೆ ಸಕ್ಕರೆ ಕಾಯಿಲೆಯಿಂದ ಸಬ್ರಿ ಚಿಕ್ಕಪ್ಪನ ಎಡಗಾಲು ಮೊಣಕಾಲಿನಿಂದ ಕೆಳಗೆ ಹೋಯಿತು. ಅಂದಿನಿಂದ ಅವರು ಗಾಲಿಕುರ್ಚಿಯಲ್ಲಿ, ಮನೆಯ ಮುಂದಿನ ಕಟ್ಟೆ ದಾಟಿ ಬಂದೇ ಇಲ್ಲ.

ನಮ್ಮಲ್ಲಿ ಹಬ್ಬದ ಬೆಳಿಗ್ಗೆ ನಮಾಜು ಮುಗಿಸಿದ ಗಂಡಸು ಮೊದಲು ಹೋಗುವುದು ಅಕ್ಕತಂಗಿಯರ ಮನೆಗೆ. ಹೆಣ್ಣು ಮನೆಯಲ್ಲಿ ಕಾಯುತ್ತಾಳೆ, ಗಂಡು ಬರುತ್ತಾನೆ. ಬರದಿದ್ದರೆ ಇಡೀ ಕೇರಿಗೆ ಗೊತ್ತಾಗುತ್ತದೆ. ಮೂರು ಈದ್ ಕಳೆದವು, ವಿದಾದ್ ಮಿಸ್ ಹೊಸ ಬಟ್ಟೆ ಹಾಕಿಕೊಂಡು, ಕಾಫಿಗೆ ಏಲಕ್ಕಿ ಕುಟ್ಟಿಟ್ಟುಕೊಂಡು ಕೂತರು. ಬಾಗಿಲು ತಟ್ಟುವವರಿರಲಿಲ್ಲ.

"ನಿನ್ನ ನಕ್ಷೆ ಕೇಳಿ ನೋಡ್ದೆ ಕಣೇ," ಎಂದರು ಫೋನಿನಲ್ಲಿ. "ನನ್ನ ಮನೆಯಿಂದ ತಮ್ಮನ ಮನೆಗೆ ಮೂವತ್ತೆಂಟು ಮೀಟರ್ ಅಂತೆ. ಗಾಲಿಕುರ್ಚಿಗೆ ದಾರಿ ತೋರ್ಸು ಅಂದ್ರೆ ದಾರಿ ಇಲ್ಲ ಅಂತೆ. ಮೂವತ್ತೆಂಟು ಮೀಟರಿಗೆ ದಾರಿ ಇಲ್ಲ ಅನ್ನೋಕೆ ನಿಂಗೆ ಸಂಬಳ ಬೇರೆ ಕೊಡ್ತಾರಾ?"

"ಮಿಸ್, ಅಲ್ಲಿ ಮೆಟ್ಟಿಲಿದೆ..."

"ಮೆಟ್ಟಿಲಿದೆ ಅಂತ ನಂಗೊತ್ತಿಲ್ವಾ? ನಾನು ಅದರ ಮೇಲೇ ಹುಟ್ಟಿದವಳು. ಹೋಗು, ಮತ್ತೆ ನೋಡ್ಕೊಂಡು ಬಾ. ಲೆಕ್ಕ ತಪ್ಪಾದ್ರೆ ಮತ್ತೆ ಮಾಡ್ಬೇಕು, ಅಷ್ಟೆ."

ನನಗೀಗ ನಲವತ್ತಾರು. ಆದರೂ ಅವರ ದನಿ ಕೇಳಿದರೆ ಅಂಗೈ ತಾನಾಗಿ ಬೆನ್ನ ಹಿಂದೆ ಹೋಗುತ್ತದೆ. ಮಾರನೇ ಬೆಳಿಗ್ಗೆಯೇ ಅಳತೆ ಟೇಪು ಹಿಡಿದು ಹೊರಟೆ.

ಸಬ್ರಿ ಚಿಕ್ಕಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ರೇಡಿಯೋದಲ್ಲಿ ವಾರ್ತೆ ಕೇಳುತ್ತಿದ್ದರು. ಗಾಲಿಕುರ್ಚಿಯಲ್ಲಿ ಕೂತರೂ ಅಂಗಿಗೆ ಇಸ್ತ್ರಿ, ಕತ್ತಿನವರೆಗೆ ಗುಂಡಿ. ನಾಲ್ಕು ಜನ ಹುಡುಗರನ್ನು ಕರೆದು ಕುರ್ಚಿ ಸಮೇತ ಎತ್ತಿಸಿದರೆ ಹತ್ತು ನಿಮಿಷದ ಕೆಲಸವಲ್ಲವೇ ಚಿಕ್ಕಪ್ಪ ಎಂದು ಕೇಳಿದ್ದೇ ತಡ, ರೇಡಿಯೋ ಆರಿಸಿದರು.

"ಆಸ್ಪತ್ರೆಯಿಂದ ತಂದ ದಿನ ನೀನಿರ್ಲಿಲ್ಲ. ನಾಲ್ಕು ಜನ ಸ್ಟ್ರೆಚರ್ ಹೊತ್ಕೊಂಡು ಹತ್ತಿದ್ರು. ಕಿಟಕಿಗೊಂದು ತಲೆ. ಪಕ್ಕದ ಮನೆಯವಳು ನಾನು ಹೋಗೇಬಿಟ್ಟೆ ಅಂತ ಎದೆ ಬಡ್ಕೊಂಡು ಅಳ್ತಿದ್ಲು. ಪಾಪ ಅಂತ ಕೈ ಬೀಸಿದೆ ನೋಡು, ಚೀರ್ಕೊಂಡು ಒಳಗೋಡಿದ್ಲು."

ನನಗೆ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ.

"ಇನ್ನು ನನ್ನ ಹೊರೋದು ಒಂದೇ ಸಲ, ಬುಸೈನಾ. ಅವತ್ತು ನೋಡೋಕೆ ನಾನಿರಲ್ಲ. ಐವತ್ತು ವರ್ಷ ಈದ್ ದಿನ ನನ್ನ ಕಾಲ ಮೇಲೆ ನಡ್ಕೊಂಡು ಹೋಗಿ ಅಕ್ಕನ ಬಾಗಿಲು ತಟ್ಟಿದೀನಿ. ಈಗ ಅಕ್ಕಿಮೂಟೆ ಥರ ಹೋಗಿ ಅವಳ ಹೊಸಿಲಲ್ಲಿ ಇಳೀಲಾ? ಅವಳ ಮರ್ಯಾದೆ ಏನಾಗ್ಬೇಕು?"

ಈ ಅಕ್ಕ ತಮ್ಮ ಇಬ್ಬರದೂ ಒಂದೇ ತಲೆ, ಒಂದೇ ಹಟ. ನಾನು ಬಾಯಿ ಮುಚ್ಚಿಕೊಂಡು ಮೆಟ್ಟಿಲ ಎತ್ತರ ಅಳೆಯಲು ಕೂತೆ. ಒಂದೊಂದು ಮೆಟ್ಟಿಲು ಹದಿನಾರೂವರೆ ಸೆಂಟಿಮೀಟರ್. ತಲೆ ಎತ್ತಿದರೆ ಎದುರಿಗೆ, ಕಟ್ಟೆಯ ಮಟ್ಟಕ್ಕೇ ಇರುವ ಸಮತಟ್ಟು ಜಾಗದಾಚೆ, ಬೀದಿಯ ಆ ಬದಿಯ ಗೋಡೆಯಲ್ಲಿ, ತುಕ್ಕು ಹಿಡಿದ ತಗಡಿನ ಬಾಗಿಲು.

"ಅದೇನು ಚಿಕ್ಕಪ್ಪ?"

"ಕರೆಂಟಿನವರದು."

"ಯಾರು ಹೇಳಿದ್ದು?"

"ಯಾರು ಹೇಳ್ಬೇಕು? ಮುಚ್ಚೇ ಇದೆ, ತುಕ್ಕು ಹಿಡಿದಿದೆ, ಹದಿನಾಲ್ಕು ವರ್ಷದಿಂದ ಯಾರೂ ಬಂದಿಲ್ಲ. ಇನ್ಯಾರದಿರುತ್ತೆ?"

ಆ ಗೋಡೆ ಯಾವ ಕಟ್ಟಡದ್ದು ಎಂದು ಕತ್ತೆತ್ತಿ ನೋಡಿದೆ. ಮೇಲಿನ ರಸ್ತೆಯಲ್ಲಿ ಹೊಳೆಯುವ ಗೇಟು, ಅಮೃತಶಿಲೆಯ ಹಜಾರ ಇರುವ ದೊಡ್ಡ ಕಟ್ಟಡ ಅದು. ರಸ್ತೆಯಿಂದ ನೋಡಿದರೆ ನಾಲ್ಕು ಮಹಡಿ. ಆದರೆ ನಮ್ಮೂರಲ್ಲಿ ಕಟ್ಟಡಗಳು ಗುಡ್ಡದ ಇಳಿಜಾರಿನಲ್ಲಿ ಕೆಳಗೂ ಇಳಿಯುತ್ತವೆ. ರಸ್ತೆಯ ಜನ ತಾವು ಒಳಗೆ ಹೋಗುವ ಬಾಗಿಲಿನಿಂದ ಮೇಲಕ್ಕೆ ಎಣಿಸುತ್ತಾರೆ, ಕೆಳಗೆ ಏನಿದೆ ಎಂದು ಕೇಳುವುದಿಲ್ಲ. ಮೆಟ್ಟಿಲ ಜನ ತಮ್ಮ ಗೋಡೆಯನ್ನು ನೋಡುತ್ತಾರೆ, ಅದರ ತಲೆಯ ಮೇಲೆ ಏನಿದೆ ಎಂದು ಕೇಳುವುದಿಲ್ಲ. ನಾನು ಕೂಡ ಎರಡು ವರ್ಷದ ಹಿಂದೆ ಮೇಲಿನ ಗೇಟಿನಲ್ಲಿ ನಿಂತು, ಕಾವಲುಗಾರನ ಮಾತು ನಂಬಿ, ಆ ಲಿಫ್ಟು ಮೈನಸ್ ಎರಡರವರೆಗೆ, ಅಂದರೆ ಕಾರು ನಿಲ್ಲಿಸುವ ಜಾಗದವರೆಗೆ ಎಂದು ಬರೆದು ಮನೆಗೆ ಹೋಗಿದ್ದೆ. ಆ ಸಂಜೆ ನೆಂಟರ ಮದುವೆ ಇತ್ತು, ಅವಸರ.

ಐವತ್ತಾರು ಮೆಟ್ಟಿಲನ್ನು ಹದಿನಾರೂವರೆಯಿಂದ ಗುಣಿಸಿದೆ. ಒಂಬತ್ತು ಮೀಟರ್ ಇಪ್ಪತ್ತನಾಲ್ಕು. ಅದನ್ನು ಒಂದು ಮಹಡಿಯ ಎತ್ತರದಿಂದ ಭಾಗಿಸಿದರೆ ಸರಿಯಾಗಿ ಮೂರು. ಸಬ್ರಿ ಚಿಕ್ಕಪ್ಪನ ಕಟ್ಟೆ ಇರುವುದು ಆ ಕಟ್ಟಡದ ಮೈನಸ್ ಮೂರನೇ ಮಹಡಿಯ ಮಟ್ಟದಲ್ಲಿ. ಅಂಥದೊಂದು ಮಹಡಿ ನನ್ನ ನಕ್ಷೆಯಲ್ಲಿರಲಿಲ್ಲ.

ಮೆಟ್ಟಿಲು ಹತ್ತಿ ಮೇಲೆ ಓಡಿದೆ. ಕಟ್ಟಡದ ಕಾವಲುಗಾರ ಶಹ್ಹಾತ್, ಈಜಿಪ್ಟಿನ ಮಿನ್ಯಾ ಕಡೆಯವನು, ಗೇಟಿನ ಮುಂದೆ ನೀರು ಹೊಯ್ಯುತ್ತಿದ್ದ.

"ಶಹ್ಹಾತ್, ಲಿಫ್ಟು ಎಲ್ಲಿವರೆಗೆ ಹೋಗುತ್ತೆ?"

"ಮೈನಸ್ ಎರಡು, ಇಂಜಿನಿಯರ್ ಮೇಡಂ." ನಾನು ಇಂಜಿನಿಯರ್ ಅಲ್ಲ ಎಂದು ಹೇಳಿ ಹೇಳಿ ಸಾಕಾಗಿದೆ.

"ಅದರ ಕೆಳಗೆ?"

"ಅದರ ಕೆಳಗೆ ಯಾರೂ ಇಲ್ಲ. ಸಿತ್ ಎವ್ಲಿನ್ ಇದ್ದಾರೆ, ಅಷ್ಟೇ."

"ಅಯ್ಯೋ ಮಾರಾಯ! ಒಬ್ಬರಿದ್ದಾರೆ ಅಂದ್ರೆ ಮಹಡಿ ಇದೆ ಅಂತ ಅರ್ಥ ಅಲ್ವೇನೋ?"

"ಅವರದು ಬೀಗದ ಬಟನ್ನು ಮೇಡಂ. ಕೀ ಹಾಕಿದ್ರೆ ಮಾತ್ರ ಹೋಗುತ್ತೆ. ಒಂದು ಕೀ ಅವರ ಹತ್ರ, ಒಂದು ನನ್ನ ಹತ್ರ. ನೀವು ಅವತ್ತು ಕೀ ವಿಷಯ ಕೇಳ್ಲಿಲ್ಲ."

ಅವನನ್ನು ಬೈಯುವ ಬಾಯಿಯಲ್ಲಿ ನನ್ನನ್ನೇ ಬೈದುಕೊಂಡೆ. ಅವನ ಕೀ ತಿರುಗಿಸಿ ಇಬ್ಬರೂ ಕೆಳಗಿಳಿದೆವು. ಲಿಫ್ಟಿನ ಬಾಗಿಲು ತೆರೆದರೆ ಒಂದು ಪುಟ್ಟ ಹಜಾರ. ಬಲಕ್ಕೆ ಸಿತ್ ಎವ್ಲಿನ್‌ರ ಮನೆ. ಎದುರಿಗೆ ಗೋಡೆ ಮುಚ್ಚುವಷ್ಟು ದೊಡ್ಡ ಕಪಾಟು. ಅದರ ಹಿಂದಿನಿಂದ ವಾರ್ತೆ ಓದುವ ದನಿ ಕೇಳುತ್ತಿತ್ತು. ಸಬ್ರಿ ಚಿಕ್ಕಪ್ಪ ಮತ್ತೆ ರೇಡಿಯೋ ಹಾಕಿದ್ದರು.

ಸಿತ್ ಅಂದರೆ ನಮ್ಮಲ್ಲಿ ಮೇಡಂ ಎಂದ ಹಾಗೆ. ಸಿತ್ ಎವ್ಲಿನ್ ವಿಧವೆ, ಬಟ್ಟೆ ಅಂಗಡಿ ನಡೆಸುತ್ತಿದ್ದವರ ಹೆಂಡತಿ, ಕೂದಲಿಗೆ ಕರಾರುವಾಕ್ಕಾಗಿ ಬಣ್ಣ ಹಚ್ಚುವವರು. ನಾನು ವಿಷಯ ಹೇಳಿ ಮುಗಿಸುವ ಮೊದಲೇ ತಲೆ ಅಲ್ಲಾಡಿಸಿದರು.

"ಆಗಲ್ಲಮ್ಮ. ಬೆಂಕಿ ಬಿದ್ರೆ ಓಡೋಕೆ ಅಂತ ಕಟ್ಟಿದವನು ಆ ಬಾಗ್ಲು ಇಟ್ಟಿದ್ದು. ಬೆಂಕಿ ಬಿದ್ದಿಲ್ಲ, ನಾನು ತೆಗೆದಿಲ್ಲ. ಇವತ್ತು ಒಬ್ರಿಗೆ ತೆಗೀತೀನಿ. ನಾಳೆ ನಿನ್ನ ಫೋನು ಊರಿಗೆಲ್ಲ ಹೇಳುತ್ತೆ, ಮೆಟ್ಟಿಲು ಯಾಕೆ ಹತ್ತೀರಿ, ಎವ್ಲಿನ್ ಮನೆ ಮುಂದಿಂದ ಹೋಗಿ ಅಂತ. ನಾನು ನೈಟಿಲಿ ನಿಂತಿರ್ತೀನಿ, ಕಲ್ಲಂಗಡಿ ಮಾರೋನು ಗುಡ್ ಮಾರ್ನಿಂಗ್ ಅಂತಾನೆ. ಬೇಡವೇ ಬೇಡ."

ಅವರ ಮಾತು ತಪ್ಪಲ್ಲ. ನಕ್ಷೆಯಲ್ಲಿ ಬಂತೆಂದರೆ ಊರು ಬರುತ್ತದೆ, ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಆದರೂ ಅವರು ಮರ್ಯಾದಸ್ಥರು, ಇಲ್ಲ ಅಂದವರು ಕೂಡ ಕಾಫಿ ತಂದರು. ಹಿಡಿಯಿಲ್ಲದ ಪುಟ್ಟ ಬಟ್ಟಲು, ಹಬೆಯಾಡುವ ಏಲಕ್ಕಿ ಕಾಫಿ. ನಾನು ಬಟ್ಟಲು ತೆಗೆದುಕೊಂಡು, ಕುಡಿಯದೆ, ಮೇಜಿನ ಮೇಲೆ ಇಟ್ಟುಬಿಟ್ಟೆ. ನನ್ನನ್ನು ನೋಡಿ ಶಹ್ಹಾತ್ ಕೂಡ ಇಟ್ಟ.

ನಮ್ಮ ಕಡೆ ಮನೆಗೆ ಹೆಣ್ಣು ಕೇಳಲು, ರಾಜಿ ಕೇಳಲು ಹಿರಿಯರು ಹೋದಾಗ ಹೀಗೆ ಮಾಡುತ್ತಾರೆ. ಕೇಳಿದ್ದು ಕೊಡುತ್ತೇನೆ ಎಂದು ಮನೆಯವರು ಹೇಳುವವರೆಗೆ ಕಾಫಿ ಮುಟ್ಟುವುದಿಲ್ಲ. ಕಾಫಿ ಆರಿ, ಬಂದವರು ಎದ್ದು ಹೋದರೆ, ಮನೆಗೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ.

ಸಿತ್ ಎವ್ಲಿನ್ ಕಣ್ಣು ಅಗಲ ಮಾಡಿದರು. "ಏನಿದು? ಕುಡಿ!"

"ನಮ್ಮದೊಂದು ಬೇಡಿಕೆ ಇದೆ, ಸಿತ್ ಎವ್ಲಿನ್."

"ಅಯ್ಯೋ ದೇವ್ರೇ! ಅದು ಹೆಣ್ಣು ಕೇಳೋಕೆ ಬಂದಾಗ ಮಾಡೋದು ಕಣೇ! ಲಿಫ್ಟ್ ಬಾಗಿಲಿಗೆ ಯಾರಾದ್ರೂ ಮಾಡ್ತಾರಾ? ಹೋಗ್ಲಿ, ಹಿರಿಯರು ಎಲ್ಲಿ? ಗಡ್ಡ ಎಲ್ಲಿ?"

ಶಹ್ಹಾತ್ ತನ್ನ ಗಡ್ಡ ಸವರಿಕೊಂಡು ಗಂಭೀರವಾಗಿ ಕೂತ. ಅವರಿಗೆ ನಗು ಬಂತು, ನುಂಗಿಕೊಂಡರು. ನಾನು ನಗಲಿಲ್ಲ. ಕಾಲು ಹೋದ ತಮ್ಮ, ಮಂಡಿ ಹೋದ ಅಕ್ಕ, ಯಾರೂ ಬಾಗಿಲು ತಟ್ಟದ ಮೂರು ಈದ್, ಎಲ್ಲ ಹೇಳಿದೆ. ಅಷ್ಟರಲ್ಲಿ ಕಪಾಟಿನ ಹಿಂದೆ ರೇಡಿಯೋ ನಿಂತು, ಯಾರೋ ಕೆಮ್ಮಿದರು.

ಸಿತ್ ಎವ್ಲಿನ್ ಆ ಕಡೆ ತಿರುಗಿದರು. "ಆ ರೇಡಿಯೋ ಗಂಡಸೇನಾ?"

"ಹೌದು."

"ಹದಿನಾಲ್ಕು ವರ್ಷದಿಂದ ಅವನಿಗೆ ಶಾಪ ಹಾಕ್ತಿದೀನಿ. ಬೆಳಗಾಗೋ ಮುಂಚೆ ರೇಡಿಯೋ. ಆಮೇಲೆ ಅಂಗಡಿಗೆ ಹೊರಡೋನು, ಅವನ ಷೂ ಸದ್ದು ಟಪ್ ಟಪ್ ಅಂತ ಮೇಲೆ ಹೋಗ್ತಿತ್ತು. ಅದು ಕೇಳಿಸಿದ್ರೆ ನಾನು ಕೇತ್ಲಿ ಇಡ್ತಿದ್ದೆ." ಮೇಜಿನ ಮೇಲಿನ ತಟ್ಟೆ ಸರಿಸಿಟ್ಟರು. "ಹೋದ ವರ್ಷದಿಂದ ಷೂ ಸದ್ದಿಲ್ಲ. ರಿಟೈರ್ ಆಗಿರ್ಬೇಕು ಅಂದ್ಕೊಂಡಿದ್ದೆ."

ಅವರು ಬಗ್ಗಿ ನನ್ನ ಬಟ್ಟಲನ್ನು ಎತ್ತಿ ನನ್ನ ಕೈಗೆ ಕೊಟ್ಟರು.

"ಕುಡೀರಿ. ಕೊಟ್ಟೆ. ಆದ್ರೆ ಕಲ್ಲಂಗಡಿಯವನು ಬರಕೂಡದು."

"ಬರಲ್ಲ. 'ಮನೆಯವರನ್ನು ಕೇಳಿ ಹೋಗುವ ದಾರಿ' ಅಂತ ಬರೀತೀನಿ. ಹಾಗೆ ಬರೆದ್ರೆ ನಕ್ಷೆ ಯಾರನ್ನೂ ತಾನಾಗಿ ಈ ಕಡೆ ಕಳಿಸಲ್ಲ. ಕೀ ಇಲ್ಲದೆ ಲಿಫ್ಟೂ ನಿಲ್ಲಲ್ಲ."

ಕಾಫಿ ಆರಿತ್ತು. ಅಷ್ಟು ರುಚಿಯಾದ ಕಾಫಿ ನಾನು ಕುಡಿದಿಲ್ಲ.

ಕಪಾಟು ಸರಿಸಲು ಒಂದು ದಿನ ಬೇಕಾಯಿತು. ಒಳಗೆ ಉಪ್ಪಿನ ನೀರಿನ ಆಲಿವ್ ಜಾಡಿಗಳು, ಮಡಿಸಿಟ್ಟ ಕ್ರಿಸ್‌ಮಸ್ ಮರ, ಆರು ಹಳೇ ಫ್ಯಾನು. ಶಹ್ಹಾತ್ ಒಳಬದಿಯ ಬೀಗ ಕತ್ತರಿಸಿದ. ತಗಡಿನ ಬಾಗಿಲು ಕಿರುಚುತ್ತಾ ತೆರೆದುಕೊಂಡಾಗ ಆಚೆ ಕಟ್ಟೆಯ ಮೇಲಿದ್ದ ಸಬ್ರಿ ಚಿಕ್ಕಪ್ಪ ದಂಗಾಗಿ ನೋಡಿದರು. ಕರೆಂಟಿನವರ ಬಾಗಿಲಿನಿಂದ ತಲೆಗೆ ಬಣ್ಣ ಹಚ್ಚಿದ ಹೆಂಗಸು ಹೊರಬಂದು, "ನಮಸ್ಕಾರ ನೆರೆಯವರೇ, ಆ ರೇಡಿಯೋ ಸ್ವಲ್ಪ ಸಣ್ಣ ಮಾಡ್ತೀರಾ?" ಎಂದರು. ಹೊಸಿಲು ಹನ್ನೆರಡು ಸೆಂಟಿಮೀಟರ್ ಎತ್ತರವಿತ್ತು, ಸಿಮೆಂಟು ಹಾಕಿ ಇಳಿಜಾರು ಮಾಡಿದೆವು. ಲಿಫ್ಟಿನ ಬಾಗಿಲ ಅಗಲ ಎಂಬತ್ತು, ಕುರ್ಚಿ ಅರವತ್ತಾರು. ಮೂರು ಸಲ ಅಳೆದೆ. ವಿದಾದ್ ಮಿಸ್‌ಗೆ ಮಾತ್ರ ಏನೂ ಹೇಳಕೂಡದು ಎಂದು ಸಬ್ರಿ ಚಿಕ್ಕಪ್ಪ ಆಣೆ ಹಾಕಿಸಿಕೊಂಡರು.

ಈದ್ ಬೆಳಿಗ್ಗೆ ಅವರು ಮನೆಯಲ್ಲೇ ನಮಾಜು ಮಾಡಿ, ತಾವೇ ಹೊಲಿದ ಬೂದಿ ಬಣ್ಣದ ಸೂಟು ತೊಟ್ಟು, ಕುರ್ಬಾನಿ ಮಾಂಸದಲ್ಲಿ ಅಕ್ಕನ ಪಾಲನ್ನು ತೊಡೆಯ ಮೇಲಿಟ್ಟುಕೊಂಡು ಹೊರಟರು. ತಳ್ಳಲು ಯಾರನ್ನೂ ಬಿಡಲಿಲ್ಲ. ನಾನು ಲಿಫ್ಟಿನ ಕೀ ಹಿಡಿದು ಜೊತೆಗೆ ನಡೆದೆ. ಮೇಲಿನ ರಸ್ತೆಯ ಫುಟ್‌ಪಾತಿನ ನಡುವೆಯೇ ಆಲಿವ್ ಮರ ನೆಟ್ಟಿದ್ದಾರೆ, ಅದನ್ನು ನೆಟ್ಟವರಿಗೂ ನನ್ನ ಹತ್ತಿರ ಒಂದು ಸಿಲಿಂಡರ್ ಇದೆ. ಕುರ್ಚಿ ರಸ್ತೆಗಿಳಿಯಿತು. ಹಿಂದಿನಿಂದ ಹಾರ್ನ್ ಹೊಡೆದ ಟ್ಯಾಕ್ಸಿಯವನಿಗೆ ಸಬ್ರಿ ಚಿಕ್ಕಪ್ಪ, "ತಡ್ಕೊಳಪ್ಪಾ, ಅಕ್ಕನ ಮನೆಗೆ ಹೋಗ್ತಿದೀನಿ!" ಎಂದು ಕೂಗಿದರು. ಅವನು ಹಾರ್ನ್ ನಿಲ್ಲಿಸಿ, ಈದ್ ಮುಬಾರಕ್ ಎಂದು ಹಿಂದೆಯೇ ನಿಧಾನವಾಗಿ ಬಂದ.

ಬಾಗಿಲು ತಟ್ಟಿದರು.

"ಯಾರು?"

"ನಾನೇ ಅಕ್ಕ."

ಒಳಗೆ ಏನೋ ಬಿದ್ದ ಸದ್ದು. ಬಾಗಿಲು ತೆರೆಯಿತು. ವಿದಾದ್ ಮಿಸ್ ತಮ್ಮನನ್ನು ನೋಡಲಿಲ್ಲ, ಮೊದಲು ಅವನ ಹಿಂದೆ, ಅಕ್ಕಪಕ್ಕ ನೋಡಿದರು.

"ಯಾರು ಹೊತ್ಕೊಂಡು ಬಂದ್ರು ನಿನ್ನ?"

"ಯಾರೂ ಇಲ್ಲಕ್ಕ. ನಾನೇ ಬಂದೆ."

ಆಗ ಅವರು ಬಗ್ಗಿ ತಮ್ಮನ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದರು. ನಾನು ಆಲಿವ್ ಮರವನ್ನು ನೋಡುತ್ತಾ ನಿಂತೆ, ಮೂಗು ಒರೆಸಿಕೊಳ್ಳಲು ಕರವಸ್ತ್ರ ಇರಲಿಲ್ಲ. ಆರನೇ ಕ್ಲಾಸಿನಲ್ಲಿ ನಮ್ಮನ್ನೆಲ್ಲ ನಡುಗಿಸಿದ ಹೆಂಗಸು ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅಳುತ್ತಿದ್ದರು.

ಕಾಫಿ ಆಯಿತು, ಖರ್ಜೂರ ತುಂಬಿದ ಹಬ್ಬದ ಬಿಸ್ಕತ್ತು ಆಯಿತು. ಸಬ್ರಿ ಚಿಕ್ಕಪ್ಪ ತಗಡಿನ ಬಾಗಿಲಿನ ಕಥೆಯನ್ನು ತಾವೇ ಕಂಡುಹಿಡಿದ ಹಾಗೆ ಹೇಳಿದರು. ನಾನೂ ಕಾಲ ಮೇಲೆ ಕಾಲು ಹಾಕಿ ಬೀಗುತ್ತಾ ಕೂತಿದ್ದೆ. ವಿದಾದ್ ಮಿಸ್ ಎಲ್ಲ ಕೇಳಿಸಿಕೊಂಡು ನನ್ನ ಕಡೆ ತಿರುಗಿದರು.

"ಈ ಲಿಫ್ಟು ಮೇಲಕ್ಕೆ ಬರುತ್ತೆ. ಕೆಳಗೆ ಹೋಗಲ್ವಾ?"

"ಹೋಗದೇ ಏನು ಮಿಸ್?"

"ಮತ್ತೆ ನನ್ನನ್ನ ಯಾಕೆ ಯಾರೂ ಕೇಳ್ಲಿಲ್ಲ?"

ಹನ್ನೆರಡು ದಿನ ನಾವೆಲ್ಲ ಸೇರಿ ತಮ್ಮ ಮೇಲೆ ಬರುವುದು ಹೇಗೆ ಎಂದು ತಲೆ ಕೆಡಿಸಿಕೊಂಡಿದ್ದೆವು. ಅಕ್ಕ ಕೆಳಗೆ ಇಳಿಯಬಹುದು ಎಂದು ಒಬ್ಬರಿಗೂ, ಲೆಕ್ಕ ಕಲಿತ ನನಗೂ ಹೊಳೆಯಲಿಲ್ಲ. ಹೆಣ್ಣು ಕಾಯುತ್ತಾಳೆ ಎಂದು ನಾವು ಎಷ್ಟು ಗಟ್ಟಿಯಾಗಿ ನಂಬಿದ್ದೆವು ಎಂದರೆ, ಕಾಯುವವಳಿಗೂ ಎಲ್ಲಿಗೋ ಹೋಗಬೇಕು ಅನ್ನಿಸುತ್ತದೆ ಎನ್ನುವುದನ್ನೇ ಮರೆತಿದ್ದೆವು.

"ನಾನು ಹುಟ್ಟಿದ ಮನೆ ಅದು," ಎಂದರು ಮಿಸ್. "ಈ ಮಂಡಿ ಕೆಟ್ಟು ನಾಲ್ಕು ವರ್ಷ ಆಯ್ತು. ಅಲ್ಲಿಗೆ ಕಾಲಿಟ್ಟಿಲ್ಲ. ಅಮ್ಮ ಅಡುಗೆ ಮಾಡ್ತಿದ್ದ ಜಾಗ ಹೇಗಿದೆಯೋ ನೆನಪೇ ಆಗ್ತಿಲ್ಲ."

"ಒಂದು ಮಾತು ಹೇಳ್ಬಾರ್ದಿತ್ತಾ ಅಕ್ಕ?" ಸಬ್ರಿ ಚಿಕ್ಕಪ್ಪನ ದನಿ ಒಡೆಯಿತು.

"ಹಬ್ಬಕ್ಕೆ ಅಕ್ಕನೇ ತಮ್ಮನ ಮನೆಗೆ ಬಂದ್ಲು ಅಂದ್ರೆ ನಿನ್ನನ್ನ ಆಡ್ಕೊಳ್ತಿದ್ರು. ಈಗ ನೀನು ಬಂದಾಯ್ತಲ್ಲ. ಏಳು... ಅಲ್ಲ, ತಿರುಗು. ನಡಿ."

ಬಾಯಿ ತಪ್ಪಿ 'ಏಳು' ಅಂದದ್ದಕ್ಕೆ ಮಿಸ್ ತುಟಿ ಕಚ್ಚಿಕೊಂಡರು. ಸಬ್ರಿ ಚಿಕ್ಕಪ್ಪ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕ ಕುರ್ಚಿಯ ಬೆನ್ನು ಹಿಡಿದುಕೊಂಡು ನಡೆದರು. ಅವರು ತಳ್ಳುತ್ತಿದ್ದರೋ ಆಸರೆಗೆ ಹಿಡಿದಿದ್ದರೋ ಹೇಳುವುದು ಕಷ್ಟ, ತಮ್ಮ ತಡೆಯಲಿಲ್ಲ. ಲಿಫ್ಟಿನಲ್ಲಿ ನಾನು ಕೀ ಹಾಕಿದೆ, ಮೈನಸ್ ಮೂರನ್ನು ಮಿಸ್ ಒತ್ತಿದರು. ಕೆಳಗೆ ಬಾಗಿಲಲ್ಲಿ ಒಬ್ಬರು ಬರುತ್ತಾರೆಂದು ಕಾಯುತ್ತಿದ್ದ ಫೌಜಿಯ್ಯಾ ಇಬ್ಬರನ್ನು ಕಂಡು, ನಾಲಗೆ ಹೊರಳಿಸಿ ಹಬ್ಬದ ಕೇಕೆ ಹಾಕಿದ ಸದ್ದಿಗೆ ಮೆಟ್ಟಿಲ ಬೀದಿಯ ಕಿಟಕಿಗಳೆಲ್ಲ ತೆರೆದವು.

ಸಂಜೆ ಮಿಸ್‌ರನ್ನು ಮೇಲಕ್ಕೆ ಕರೆದುಕೊಂಡು ಹೋಗಲು ಕೀ ಹಿಡಿದು ಬಂದೆ. ಅಡುಗೆಮನೆಯ ನೆಲದಲ್ಲಿ, ಗೋಡೆಗೆ ಒರಗಿ, ಕಾಲು ಚಾಚಿಕೊಂಡು ಕೂತಿದ್ದರು. ತಲೆಯ ಸ್ಕಾರ್ಫು ಜಾರಿ ಕತ್ತಿಗೆ ಬಂದಿತ್ತು. ಅಷ್ಟು ಹಗುರಾಗಿ ಕೂತ ಅವರನ್ನು ನಾನು ಎಂದೂ ಕಂಡಿರಲಿಲ್ಲ.

"ನಾಳೆ ಬಾ," ಎಂದರು.

"ನಾಡಿದ್ದು ಬಾ," ಎಂದರು ಒಳಗಿನ ಕೋಣೆಯಿಂದ ಸಬ್ರಿ ಚಿಕ್ಕಪ್ಪ.

ಈದ್‌ನ ನಾಲ್ಕೂ ದಿನ ಮಿಸ್ ಮೇಲೆ ಬರಲಿಲ್ಲ.